ಕೊಡಗಿನ ಹೊಳೆದಂಡೆಯೂ ನೆಲದ ಕಟ್ಟಳೆಯೂ

ನದಿಯು ತನ್ನ ಪಾತ್ರವನ್ನು ಬಿಟ್ಟು ಹೊರಕ್ಕೆ ಹರಿಯುವುದನ್ನು ಜನರು ನೆರೆಯೆಂದು ಕರೆಯುವರು. ವಿಚಾರಿಸಿ ನೋಡಿದರೆ, ಮಳೆಗಾಲದಲ್ಲಿ ನೀರು ಹರಡಿಕೊಳ್ಳುವ ತಗ್ಗುನೆಲವೂ ನದಿಯ ಪಾತ್ರದ ಒಂದಂಶವೇ ಆಗಿರುವುದು. ಬೇಸಗೆಯಲ್ಲಿ ಕಂಡ ದಂಡೆಯನ್ನೇ ಎಲ್ಲೆಯೆಂದು ಬಗೆದು ಮನೆ ಕಟ್ಟಿದವನಿಗೆ, ಮಳೆಗಾಲದ ಎಲ್ಲೆಯು ಬೇರೆಯೆಂಬುದು ತಡವಾಗಿ ತಿಳಿದುಬರುವುದು. ಈ ಎರಡು ಎಲ್ಲೆಗಳ ನಡುವಣ ನೆಲವನ್ನು ಯಾವ ಕೆಲಸಕ್ಕೆ ಬಳಸಬಹುದು, ಅದನ್ನು ಯಾರನ್ನು ಕೇಳಿ ನಿರ್ಣಯಿಸಬೇಕು ಎಂಬ ಪ್ರಶ್ನೆಯು 2018ರಿಂದೀಚೆಗೆ ಕೊಡಗಿನಲ್ಲಿ ಮತ್ತೆ ಮತ್ತೆ ಎದ್ದಿರುವುದು.

ಈ ವಿಚಾರವು ಭರತಖಂಡಕ್ಕೆ ಹೊಸತಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ದೈವಿಕವಾದ ಆಪತ್ತುಗಳ ಪ್ರಕರಣದೊಳಗೆ ಬೆಂಕಿಯ ತರುವಾಯ ನೀರಿನ ಭಯವನ್ನು ಹೇಳಿದೆ. ತಗ್ಗಿನ ಗ್ರಾಮದವರು ಮಳೆಗಾಲದಲ್ಲಿ ಪ್ರವಾಹದ ಅಂಚನ್ನು ಬಿಟ್ಟು ವಾಸಿಸತಕ್ಕದ್ದು, ಮರ, ಬಿದಿರು, ದೋಣಿಗಳನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು ಎಂಬುದು ಅಲ್ಲಿಯ ವಿಧಿ. ದೋಣಿಯಿದ್ದೂ ಮುಳುಗುವವನನ್ನು ಎತ್ತದವನಿಗೆ ದಂಡವೂ ಉಂಟು. ವಾಸಸ್ಥಾನದ ನಿಯಮವೂ ನೆರೆಹೊರೆಯವರ ಹೊಣೆಯೂ ಅಲ್ಲಿ ಒಂದೇ ಎಡೆಯಲ್ಲಿರುವುದನ್ನು ವಾಚಕರು ಗಮನಿಸಬೇಕು.

ಕೊಡಗಿನ ನೆರೆಗೆ ಒಂದು ವಿಶೇಷ ಲಕ್ಷಣವಿದೆ. ಮಳೆ ಬೀಳುವ ಸ್ಥಳವೊಂದು, ನೀರು ನುಗ್ಗುವ ಸ್ಥಳ ಮತ್ತೊಂದು. ತಲಕಾವೇರಿ, ಭಾಗಮಂಡಲಗಳ ಕಡೆ ಮುಂಗಾರು ಅತ್ಯಧಿಕವಾಗಿ ಸುರಿಯುವುದು. ಮೂಡಣ ಗಡಿಯ ಕುಶಾಲನಗರದಲ್ಲಾದರೋ ಮಳೆಯು ಅದರ ಒಂದು ಪಾಲಿನಷ್ಟೇ. ಕಾವೇರಿಯು ಭಾಗಮಂಡಲದಲ್ಲಿ ಕನ್ನಿಕೆಯನ್ನು ಕೂಡಿಕೊಂಡು, ಸಿದ್ದಾಪುರದ ಬಳಿಯಿಂದ ಉತ್ತರಕ್ಕೆ ತಿರುಗಿ ಕುಶಾಲನಗರವನ್ನು ಸೇರುವುದು. ಅಲ್ಲಿಂದ ಸ್ವಲ್ಪ ಕೆಳಗೆ ಹಾರಂಗಿಯು ಬಂದು ಕೂಡುವ ಊರಿಗೆ ಕೂಡಿಗೆಯೆಂದೇ ಹೆಸರು. ಎರಡು ಹೊಳೆಗಳೂ ಏಕಕಾಲದಲ್ಲಿ ತುಂಬಿದರೆ ಮೇಲಣ ನೀರು ಬೇಗನೆ ಇಳಿಯಲಾರದು. ಆಕಾಶವು ತಿಳಿಯಾಗಿರುವಾಗಲೇ ಬೀದಿಗೆ ನೀರು ಬರಬಹುದು. ಕಾವೇರಿಯ ಸೀಮೆಗಳೆಲ್ಲ ನೆನಪಿಟ್ಟುಕೊಂಡ 1924ರ ಜುಲೈ ತಿಂಗಳ ಮಹಾಪ್ರವಾಹವು ಈ ನದಿಯ ಶಕ್ತಿಗೆ ಸಾಕ್ಷಿ.

ಹಳೆಯ ಕೊಡಗಿನ ನೆಲದ ವ್ಯವಸ್ಥೆಯಲ್ಲಿ ಇದಕ್ಕೊಂದು ಉತ್ತರವಿದ್ದಿತು. ಕಣಿವೆಯ ತಗ್ಗು ಭತ್ತದ ಗದ್ದೆಗೆ. ಇಳಿಜಾರಿನ ಬಾಣೆಯು ಸೊಪ್ಪು, ಸೌದೆ, ಮೇವುಗಳಿಗೆ. ಇವೆರಡರ ನಡುವೆ, ಗದ್ದೆಗೆ ಎದುರಾಗಿ, ಎತ್ತರದ ನೆಲದಲ್ಲಿ ಐನ್‌ಮನೆ. ಲಿಂಗರಾಜೇಂದ್ರನ ಆಳಿಕೆಯಲ್ಲಿ (1811–1820) ಗದ್ದೆಗಳನ್ನು ಅಳೆಯಿಸಿ ಶಿಸ್ತು ಕಟ್ಟಿದಾಗಲೂ, 1834ರಲ್ಲಿ ರಾಜ್ಯವು ಇಂಗ್ಲಿಷರ ವಶವಾದ ಮೇಲೆಯೂ, ಬಾಣೆಯು ಗದ್ದೆಗೆ ಅಂಟಿದ ನೆಲವೆಂದೇ ಎಣಿಸಲ್ಪಟ್ಟಿತು. ನೆರೆಯು ಗದ್ದೆಯ ಮೇಲೆ ಬಂದರೆ ಪೈರು ಕೆಡಬಹುದು, ಮನೆ ಉಳಿಯುವುದು. ನೆರೆಯ ನಿಯಮವೆಂದು ಯಾರೂ ಇದನ್ನು ಬರೆದಿಡಲಿಲ್ಲ. ಬೇಸಾಯದ ಕ್ರಮವೇ ನಿಯಮವಾಗಿದ್ದಿತು.

ಆದರೆ ಈ ಕ್ರಮವು ಗದ್ದೆಯಿದ್ದವನ ಕ್ರಮವೆಂಬುದನ್ನು ಮರೆಯಲಾಗದು. 1854ರಿಂದ ಈಚೆಗೆ ಕಾಫಿಯ ತೋಟಗಳು ಹಬ್ಬಿದಂತೆ ಮೈಸೂರು, ತುಳು, ಮಲೆಯಾಳ, ತಮಿಳು ಸೀಮೆಗಳಿಂದ ಕೂಲಿಗೆ ಬಂದವರಿಗೆ ಎತ್ತರದ ನೆಲದಲ್ಲಿ ಪಾಲಿರಲಿಲ್ಲ. ತೋಟದ ಲೈನುಮನೆಯನ್ನು ಬಿಟ್ಟ ಕುಟುಂಬಗಳಲ್ಲಿ ಹಲವಕ್ಕೆ ಹೊಳೆಯಂಚಿನ ಪೈಸಾರಿಯೇ ಗತಿಯಾಯಿತು. ಅತ್ತ ಪೇಟೆಗಳ ಬದಿಯಲ್ಲಿ ಗದ್ದೆಗಳು ಬಡಾವಣೆಗಳಾಗಿ ಮಾರ್ಪಟ್ಟವು. ಹೀಗೆ ಸಿರಿವಂತನಲ್ಲದ ನೌಕರನೂ ನೆಲವಿಲ್ಲದ ಕೂಲಿಯೂ, ಬೇರೆ ಬೇರೆ ದಾರಿಗಳಿಂದ, ನೀರಿನ ಎಲ್ಲೆಯೊಳಕ್ಕೆ ಬಂದು ಸೇರಿದರು.

2018ರ ಆಗಸ್ಟಿನಲ್ಲಿ ಬೆಟ್ಟಗಳು ಕುಸಿದು, ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿತು. ಮರುವರ್ಷದ ಆಗಸ್ಟಿನಲ್ಲಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಗಳ ಹೊಳೆಬದಿಯ ಮನೆಗಳು ನೆಲಕಚ್ಚಿದುವು. ಮನೆ ಕಳೆದುಕೊಂಡವರಿಗಾಗಿ 2018ರ ತರುವಾಯ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಹೊಸ ವಸತಿಗಳನ್ನು ಕಟ್ಟಲಾಯಿತು.

ಬರೆದ ಕಟ್ಟಳೆಗಳು ಇಲ್ಲದಿಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಶಾಸನದಂತೆ ಮಹಾಯೋಜನೆಯನ್ನು ಪ್ರಕಟಿಸಿ, ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನಗಳ ಅವಧಿಯನ್ನು ಕೊಡಬೇಕು. 1964ರ ಭೂಕಂದಾಯ ಶಾಸನದಂತೆ ಸಾಗುವಳಿಯ ನೆಲವನ್ನು ಅನ್ಯಕಾರ್ಯಕ್ಕೆ ತಿರುಗಿಸಲು ಅಪ್ಪಣೆ ಬೇಕು. 1975ರಲ್ಲಿ ಕೇಂದ್ರ ಜಲ ಆಯೋಗವು ನೆರೆಬಯಲುಗಳನ್ನು ವಲಯಗಳಾಗಿ ವಿಂಗಡಿಸುವ ಮಾದರಿ ಮಸೂದೆಯೊಂದನ್ನು ರಾಜ್ಯಗಳಿಗೆ ಕಳುಹಿತು. ಆಸ್ಪತ್ರೆಯಂಥವು ನೂರು ವರ್ಷಕ್ಕೊಮ್ಮೆ ಬರುವ ನೆರೆಯ ಮಟ್ಟಕ್ಕಿಂತ ಮೇಲೆ, ವಾಸದ ಮನೆಗಳು ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ನೆರೆಯ ಮಟ್ಟಕ್ಕಿಂತ ಮೇಲೆ, ಆಟದ ಬಯಲು, ಉದ್ಯಾನಗಳು ಕೆಳಗೆ ಎಂಬುದು ಆ ವಿಂಗಡಣೆಯ ಸಾರ. ಮಣಿಪುರವು 1978ರಲ್ಲಿ ಅಂಥ ಶಾಸನವನ್ನು ಮಾಡಿತು; ಅದನ್ನು ಅನುಸರಿಸಿದ ರಾಜ್ಯಗಳು ಬೆರಳೆಣಿಕೆಯವು. ಮೇಲಣ ವಿಂಗಡಣೆಗೂ ಗದ್ದೆ-ಮನೆ-ಬಾಣೆಯ ಹಳೆಯ ಕ್ರಮಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಭೇದವಿರುವುದು ಜನರನ್ನು ಕೇಳುವ ರೀತಿಯಲ್ಲಿ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯು 2024ರ ಜುಲೈ 31ರಂದು ಹೊರಟು, ಆಕ್ಷೇಪಣೆಗೆ 60 ದಿನಗಳನ್ನು ಕೊಟ್ಟಿತು. ಆ ದಿನಗಳು ಕಕ್ಕಡದ ಮಳೆಯಲ್ಲಿ ಮೊದಲಾಗಿ ಕೈಲ್‌ಮುಹೂರ್ತವನ್ನು ದಾಟುವಂಥವು. ಹೊಳೆಬದಿಯವನು ತನ್ನ ಮನೆಯನ್ನು ಕಾಯಬೇಕಾದ ಕಾಲವದು. ಪತ್ರದ ಮೂಲಕ ಆಕ್ಷೇಪಿಸಲು ಬಲ್ಲವನು ಪಟ್ಟೆಯುಳ್ಳವನೇ ಆಗಿರುವುದು ಸಾಮಾನ್ಯ. ಪೈಸಾರಿಯವನಿಗೆ ಪಟ್ಟೆಯಿಲ್ಲ, ಆದುದರಿಂದ ನೆಲದ ವಿಚಾರದಲ್ಲಿ ತನಗೆ ಮಾತಿಲ್ಲವೆಂದೇ ಅವನು ತಿಳಿಯುವನು. ಆದರೆ ನೀರು ಯಾವ ವರ್ಷ ಯಾವ ಮೆಟ್ಟಿಲಿನವರೆಗೆ ಏರಿತೆಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಕಡಮೆ. ನಕ್ಷೆಯ ಗೆರೆಯನ್ನು ಎಳೆಯುವುದಕ್ಕೆ ಮುಂಚೆ ಅವನ ಗೋಡೆಯ ಕಲೆಯನ್ನು ನೋಡುವುದು ಯುಕ್ತ.

ಹೊಳೆಯಂಚಿನಲ್ಲಿ ವಾಸವು ಕೂಡದೆಂಬ ನಿಯಮವು ನ್ಯಾಯವಾದುದೇ. ಆದರೆ ಎದ್ದುಹೋಗೆಂದು ಹೇಳುವ ಕಟ್ಟಳೆಯು ಎಲ್ಲಿಗೆ ಹೋಗಬೇಕೆಂಬುದನ್ನೂ, ಅಲ್ಲಿಂದ ಕೂಲಿಯ ತೋಟಕ್ಕೆ ಎಷ್ಟು ದೂರವೆಂಬುದನ್ನೂ ಹೇಳಬೇಕು. ಹಾಗಿಲ್ಲದಿದ್ದರೆ ಬೇಸಗೆ ಬಂದೊಡನೆ ಜನರು ಹಳೆಯ ದಂಡೆಗೇ ಮರಳುವರು. ಹಿಂದಿನವರ ಗದ್ದೆಯ ಕ್ರಮವು ನಿಂತುದು ತಗ್ಗನ್ನು ಬಿಡುವವನಿಗೆ ಎತ್ತರದಲ್ಲಿ ಎಡೆಯಿದ್ದುದರಿಂದ. ಕಟ್ಟಳೆಯನ್ನು ತಿದ್ದುವವರು ಆ ಎಡೆಯನ್ನು ನೆಲವಿಲ್ಲದವನಿಗೂ ಒದಗಿಸಿದರೆ, ಕಾವೇರಿಯ ಎಲ್ಲೆಯನ್ನು ಕಾವೇರಿಗೆ ಬಿಡುವುದು ಕಷ್ಟವಾಗಲಾರದು.