ಜಾರುವುದೋ, ಕಚ್ಚುವುದೋ: ಟಾರ್ಕ್ ಕನ್ವರ್ಟರ್ ಸಾಗಿ ಬಂದ ದಾರಿ

ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಅನಂತಪುರ, ಕರ್ನೂಲು ದಾಟಿ ಬರುವ 44ನೇ ರಾಷ್ಟ್ರೀಯ ಹೆದ್ದಾರಿ ಹೈದರಾಬಾದಿನ ಅಂಚನ್ನು ಮುಟ್ಟುವುದು ಶಂಶಾಬಾದಿನಲ್ಲಿ. ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿ ಬಂದ ಕಾರು ಇಲ್ಲಿಂದ ಊರೊಳಗೆ ಹೊಕ್ಕರೆ ಹೆಜ್ಜೆಗೊಮ್ಮೆ ನಿಂತು ಹೊರಡಬೇಕು. ಪಕ್ಕದಲ್ಲೇ 2008ರ ಮಾರ್ಚಿನಲ್ಲಿ ತೆರೆದ ವಿಮಾನ ನಿಲ್ದಾಣ. ಅಲ್ಲಿನ ಟ್ರ್ಯಾಕ್ಟರಿನ ಕೆಲಸ ಇನ್ನೊಂದು ಬಗೆಯದು: ಮುನ್ನೂರು ಟನ್ನಿಗೂ ಮೀರಿ ತೂಗಬಲ್ಲ ವಿಮಾನವನ್ನು ನಿಂತಲ್ಲಿಂದ ಹಿಂದಕ್ಕೆ ತಳ್ಳಬೇಕು, ಒಂದಿಷ್ಟೂ ಜಗ್ಗಬಾರದು. ಜಗ್ಗಿದರೆ ಎಳೆಗಂಬಿಯ ಪಿನ್ನು ಮುರಿಯುತ್ತದೆ. ವಿಮಾನದ ಮುಂಗಾಲು ಉಳಿಯಲೆಂದೇ ಅದನ್ನು ಮುರಿಯುವಂತೆ ಮಾಡಿರುತ್ತಾರೆ.

ಹೆದ್ದಾರಿ, ಪೇಟೆ, ವಿಮಾನದಂಗಳ. ಮೂರೂ ಕಡೆ ಟಾರ್ಕ್ ಕನ್ವರ್ಟರ್ ಕೆಲಸಕ್ಕೆ ಬರುತ್ತದೆ, ಆದರೆ ಒಂದೇ ಕನ್ವರ್ಟರ್ ಮೂರಕ್ಕೂ ಒಗ್ಗುವುದಿಲ್ಲ. ಎಷ್ಟು ಜಾರಬೇಕು, ಯಾವಾಗ ಕಚ್ಚಿ ಹಿಡಿಯಬೇಕು ಎಂಬ ಈ ಆಯ್ಕೆಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ.

ಅದು ಶುರುವಾದದ್ದು ರಸ್ತೆಯಲ್ಲಲ್ಲ, ನೀರಿನಲ್ಲಿ. ಜರ್ಮನಿಯ ಸ್ಟೆಟಿನ್ ಊರಿನ ವಲ್ಕನ್ ಹಡಗುಕಟ್ಟೆಯಲ್ಲಿ ಹರ್ಮನ್ ಫೊಟಿಂಗರ್ ಎಂಬ ಎಂಜಿನಿಯರಿದ್ದರು. ಆಗ ಹೊಸದಾಗಿ ಬಂದಿದ್ದ ಹಬೆ ಟರ್ಬೈನಿಗೆ ವೇಗವಾಗಿ ತಿರುಗಿದರೇ ಲಾಭ. ಹಡಗಿನ ಪ್ರೊಪೆಲರಿಗೆ ನಿಧಾನವಾಗಿ ತಿರುಗಿದರೆ ಲಾಭ. ಇವೆರಡನ್ನೂ ಹಲ್ಲುಚಕ್ರಗಳಿಂದ ಜೋಡಿಸುವ ಬದಲು ಫೊಟಿಂಗರ್ ನಡುವೆ ದ್ರವವನ್ನಿಟ್ಟರು. 1905ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು.

ಅದರ ಮರ್ಮ ಸರಳ. ಎದುರುಬದುರಾಗಿ ಎರಡು ಫ್ಯಾನುಗಳಿದ್ದು, ಒಂದನ್ನು ಓಡಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಜಾಗದಲ್ಲಿ ಎಣ್ಣೆ ತುಂಬಿದರೆ ಅದು ಫ್ಲೂಯಿಡ್ ಕಪ್ಲಿಂಗ್. ಬಂದ ಬಲವನ್ನು ಅದು ದಾಟಿಸುತ್ತದೆ, ಹೆಚ್ಚಿಸುವುದಿಲ್ಲ. ನಡುವೆ ಸ್ಟೇಟರ್ ಎಂಬ ಮೂರನೆಯ ಚಕ್ರವನ್ನಿಟ್ಟು, ಮರಳುವ ಎಣ್ಣೆಯ ದಿಕ್ಕನ್ನು ತಿರುಗಿಸಿದರೆ ಅದೇ ಟಾರ್ಕ್ ಕನ್ವರ್ಟರ್. ವಾಹನ ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ತಿರುಚುಬಲವನ್ನು ಅದು ಸುಮಾರು ಎರಡು ಪಟ್ಟು ಮಾಡಬಲ್ಲದು. ಅದಕ್ಕೆ ತೆರುವ ಬೆಲೆ ಜಾರಿಕೆ. ಜಾರಿದಷ್ಟೂ ಎಣ್ಣೆ ಕಾಯುತ್ತದೆ, ಇಂಧನ ವ್ಯರ್ಥವಾಗುತ್ತದೆ. ಮುಂದೆ ಒಳ್ಳೆಯ ಹಲ್ಲುಚಕ್ರಗಳು ಬಂದಾಗ ಹಡಗುಗಳು ಫೊಟಿಂಗರರ ಯಂತ್ರವನ್ನು ಬಿಟ್ಟದ್ದು ಈ ಕಾರಣಕ್ಕೇ.

ಹಡಗು ಬಿಟ್ಟದ್ದನ್ನು ರಸ್ತೆ ಎತ್ತಿಕೊಂಡಿತು. 1930ರ ಹೊತ್ತಿಗೆ ಇಂಗ್ಲೆಂಡಿನ ಡೈಮ್ಲರ್ ಕಾರುಗಳಲ್ಲಿ ಫ್ಲೂಯಿಡ್ ಕಪ್ಲಿಂಗ್ ಕಾಣಿಸಿಕೊಂಡಿತು. ಆ ದಶಕದಲ್ಲೇ ಲೇಲ್ಯಾಂಡ್ ಟಾರ್ಕ್ ಕನ್ವರ್ಟರ್ ಇರುವ ಬಸ್ಸುಗಳನ್ನು ಕಟ್ಟಿತು. ದಿನಕ್ಕೆ ನೂರಾರು ಸಲ ಕ್ಲಚ್ ತುಳಿಯುವ ಚಾಲಕನ ಎಡಗಾಲಿಗೆ ಅದು ಬಿಡುಗಡೆ.

ಅಮೆರಿಕದಲ್ಲಿ ಇದೇ ಎರಡು ದಾರಿಗಳ ಪಂದ್ಯವಾಯಿತು. ಓಲ್ಡ್ಸ್‌ಮೊಬೈಲ್ 1940ರ ಮಾದರಿಗೆ ತಂದ ಹೈಡ್ರಾಮ್ಯಾಟಿಕ್‌ನಲ್ಲಿ ಕಪ್ಲಿಂಗಿನ ಹಿಂದೆ ನಾಲ್ಕು ಗೇರುಗಳು. ಪ್ರತಿ ಬದಲಾವಣೆಯೂ ಮೈಗೆ ತಿಳಿಯುತ್ತಿತ್ತು. 1948ರ ಬ್ಯೂಕ್ ಡೈನಾಫ್ಲೋ ಬಹುಪಾಲು ಕೆಲಸವನ್ನು ಕನ್ವರ್ಟರಿಗೇ ಬಿಟ್ಟಿತು. ಬೆಣ್ಣೆಯಂತೆ ಸಾಗುತ್ತಿತ್ತು, ಪೆಟ್ರೋಲನ್ನೂ ಹಾಗೆಯೇ ಕುಡಿಯುತ್ತಿತ್ತು. 1949ರಲ್ಲಿ ಪ್ಯಾಕಾರ್ಡ್ ನಡುದಾರಿ ಹಿಡಿಯಿತು: ಹೊರಡುವಾಗ ಎಣ್ಣೆ, ವೇಗ ಬಂದ ಮೇಲೆ ಎರಡು ಚಕ್ರಗಳನ್ನೂ ಕಟ್ಟಿಹಾಕುವ ಕ್ಲಚ್. ಇಂಧನ ಅಗ್ಗವಿದ್ದಾಗ ಈ ಲಾಕಪ್ ಕ್ಲಚ್ಚಿಗೆ ಬೆಲೆ ಬರಲಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಅದೇ ಎಲ್ಲರಿಗೂ ಬೇಕಾಯಿತು.

ಭಾರತದಲ್ಲಿ ಇಂಧನ ಎಂದೂ ಅಗ್ಗವಿರಲಿಲ್ಲ. ಹಾಗಾಗಿ ಇಲ್ಲಿ ಈ ಪ್ರಶ್ನೆಯನ್ನು ಎದುರಿಸಿದವರು ಕಾರಿನವರಲ್ಲ, ರೈಲಿನವರು. ಎಂಜಿನಿಯರ್ ಮನ್ ಮೋಹನ್ ಸೂರಿ ಡೀಸೆಲ್ ಲೋಕೊಗಳಿಗಾಗಿ ರೂಪಿಸಿದ ‘ಸೂರಿ ಟ್ರಾನ್ಸ್‌ಮಿಷನ್’ ಹೊರಡಲು ಕನ್ವರ್ಟರನ್ನೂ ಓಡಲು ನೇರ ಯಾಂತ್ರಿಕ ಜೋಡಣೆಯನ್ನೂ ಬಳಸಿತು. ಚಿತ್ತರಂಜನ್ ಕಾರ್ಖಾನೆಯ ಡಬ್ಲ್ಯುಡಿಎಸ್-4 ಶಂಟಿಂಗ್ ಎಂಜಿನ್ನುಗಳಲ್ಲಿ ಅದು ದುಡಿಯಿತು. 1962ರ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಸೂರಿಯವರಿಗೆ ಸಂದಿತು. ಕರ್ನಾಟಕದಲ್ಲಿ, 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಕೆಜಿಎಫ್‌ನಲ್ಲಿ ಬುಲ್ಡೋಜರುಗಳನ್ನು ಕಟ್ಟಿತು. ಮಣ್ಣಿನ ಗುಡ್ಡೆಗೆ ಬ್ಲೇಡು ಕೊಟ್ಟು ನಿಂತಾಗ ಎಂಜಿನ್ ಆರದಂತೆ ನೋಡಿಕೊಳ್ಳುವುದು ಇಂಥ ಯಂತ್ರಗಳಲ್ಲಿ ಕನ್ವರ್ಟರಿನ ಕೆಲಸ. ಅಲ್ಲಿ ಜಾರಿಕೆ ದೋಷವಲ್ಲ, ಗುಣ.

ಕಾರಿನ ಲೆಕ್ಕವೂ ಇಲ್ಲಿಂದಲೇ ಅರ್ಥವಾಗುತ್ತದೆ. ಟರ್ಬೈನನ್ನು ಕದಲದಂತೆ ಹಿಡಿದರೆ ಎಂಜಿನ್ ಎಷ್ಟು ವೇಗದವರೆಗೆ ಏರಬಲ್ಲದೋ ಅದು ಸ್ಟಾಲ್ ವೇಗ. ಕೆಳವೇಗದಲ್ಲೇ ಬಲ ಕೊಡುವ ಡೀಸೆಲ್ ಎಂಜಿನ್ನಿಗೆ ಕಡಿಮೆ ಸ್ಟಾಲ್ ಸಾಕು. ಮೇಲೇರಿದ ಮೇಲೇ ಉಸಿರು ಬರುವ ಪೆಟ್ರೋಲ್ ಎಂಜಿನ್ನಿಗೆ ಹೆಚ್ಚು ಬೇಕು. ಮಿಕ್ಕದ್ದೆಲ್ಲ ಒಂದೇ ಇರುವಾಗ ಚಿಕ್ಕ ವ್ಯಾಸದ ಕನ್ವರ್ಟರಿನ ಸ್ಟಾಲ್ ಹೆಚ್ಚು, ದೊಡ್ಡದರದ್ದು ಕಡಿಮೆ. ಅತಿ ಹೆಚ್ಚಾದರೆ ಎಣ್ಣೆ ಕಾದು ಕ್ಲಚ್‌ಗಳ ಆಯುಸ್ಸು ತಗ್ಗುತ್ತದೆ. ಅತಿ ಕಡಿಮೆಯಾದರೆ ಕಾರು ಹೊರಡುವಾಗ ಮುಗ್ಗರಿಸುತ್ತದೆ. ಹಾಗಾಗಿ ಹಾಳಾದ ಕನ್ವರ್ಟರ್ ಬದಲಿಸುವಾಗ ಅಳತೆ ಕೂತರೆ ಸಾಲದು, ಎಂಜಿನ್ನಿಗೂ ಹೊಂದಬೇಕು.

2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಎಎಂಟಿ ಬಂದಾಗ ಭಾರತದ ಸಾಮಾನ್ಯ ಕೊಳ್ಳುಗನಿಗೂ ಕ್ಲಚ್ ಪೆಡಲಿಲ್ಲದ ಕಾರು ಎಟುಕಿತು. ಅದರಲ್ಲಿ ಕನ್ವರ್ಟರಿಲ್ಲ, ಮಾಮೂಲು ಕ್ಲಚ್ಚನ್ನೇ ಯಂತ್ರ ತುಳಿಯುತ್ತದೆ. ಅಗ್ಗ, ಮೈಲೇಜೂ ಸೈ. ಆದರೆ ಪೇಟೆಯ ದಟ್ಟಣೆಯಲ್ಲಿ ತೆವಳುವಾಗ ಜಾರಿಕೆಯನ್ನು ಯಾವುದಾದರೊಂದು ಭಾಗ ತಾಳಿಕೊಳ್ಳಲೇಬೇಕು. ಎಎಂಟಿಯಲ್ಲಿ ಅದನ್ನು ತಾಳುವುದು ಸವೆಯುವ ಕ್ಲಚ್ ತಟ್ಟೆ; ಕನ್ವರ್ಟರಿನಲ್ಲಿ ಎಣ್ಣೆ. ತಟ್ಟೆ ಸವೆದರೆ ಗಿರಣಿಯಂತೆ ಬಿಚ್ಚಿ ಹೊಸದು ಹಾಕಬೇಕು. ಎಣ್ಣೆಯನ್ನು ರೇಡಿಯೇಟರಿನಲ್ಲಿ ತಣಿಸಬಹುದು, ಹಳತಾದರೆ ಬದಲಿಸಬಹುದು. ಕೊಳ್ಳುವಾಗ ಉಳಿಸಬೇಕೋ, ಓಡಿಸುತ್ತ ಉಳಿಸಬೇಕೋ ಎಂಬುದಕ್ಕೆ ಉತ್ತರ ಕಾರಿನಲ್ಲಿಲ್ಲ, ಅದು ದಿನವೂ ಸಾಗುವ ದಾರಿಯಲ್ಲಿದೆ.