ಅಸಲಿಗೆ

ಕೇಳುವವರ ಎಣಿಕೆಗೆ ವಿರುದ್ಧವಾದ ಸಂಗತಿಯನ್ನು ಮುಂದಿಡುವಾಗ ಬರುವ ಕ್ರಿಯಾವಿಶೇಷಣ. ಮೂಲ ಅರಬ್ಬಿಯ ‘ಅಸ್ಲ್’. ಅರ್ಥ ಬೇರು, ಬುಡ. ಪಾರಸಿಯ ಮೂಲಕ ಕನ್ನಡಕ್ಕೆ ಬಂದು ಲೇವಾದೇವಿಯಲ್ಲಿ ‘ಅಸಲು–ಬಡ್ಡಿ’ಯಾಗಿ, ದಸ್ತಾವೇಜಿನಲ್ಲಿ ‘ಅಸಲು ಪ್ರತಿ’ಯಾಗಿ ನೆಲೆಸಿತು. 1799ರವರೆಗೆ ಶ್ರೀರಂಗಪಟ್ಟಣದಿಂದ ಆಳಿದ ಟಿಪ್ಪುವಿನ ಆಡಳಿತದಲ್ಲಿ ಪಾರಸಿಗೆ ದೊಡ್ಡ ಸ್ಥಾನವಿತ್ತು; ಇಂಥ ಪದಗಳಿಗೆ ಅದೂ ಒಂದು ದಾರಿಯಾಗಿರಬಹುದು.

ಮಂಡ್ಯ ಜಿಲ್ಲೆಯ ನಾಗಮಂಗಲ, ಪಾಂಡವಪುರದ ಆಡುಮಾತಿನಲ್ಲಿ ಇದು ‘ಅಸ್ಲಿಗೆ’: “ಸಂತೆಗೋಗವ್ನೆ ಅಂದ್ಕಂಡಿದ್ವಿ, ಅಸ್ಲಿಗೆ ಮನೇಲೇ ಬಿದ್ಕಂಡವ್ನೆ.” ಮೊದಲು ಜನರ ನಂಬಿಕೆ, ಆಮೇಲೆ ಅದನ್ನು ಮುರಿಯುವ ಸಂಗತಿ, ಪದದ ಜಾಗ ಇವೆರಡರ ನಡುವೆ. ಉದಾಹರಣೆಗೆ, ಕನ್ನಂಬಾಡಿ ಕಟ್ಟೆ (ಕೃಷ್ಣರಾಜಸಾಗರ) ಮೈಸೂರಿನದೆಂದು ಹೊರಗಿನವರು ತಿಳಿದಿರುತ್ತಾರೆ, ಅಸಲಿಗೆ ಅದಿರುವುದು ಮಂಡ್ಯ ಜಿಲ್ಲೆಯಲ್ಲಿ.

ಜಪಾನಿಯ ‘ಜಿತ್ಸು ವಾ’ ಇದಕ್ಕೆ ಹತ್ತಿರದ್ದು. ಆದರೆ ಅದು ಮಾತಾಡುವವರು ತಮ್ಮದೇ ಗುಟ್ಟು ಬಿಚ್ಚುವಾಗಲೂ ಸಲ್ಲುತ್ತದೆ. ಅಂಥಲ್ಲಿ ಕನ್ನಡಿಗರು ‘ನಿಜ ಹೇಳ್ಬೇಕು ಅಂದ್ರೆ’ ಎನ್ನುವುದೇ ಹೆಚ್ಚು. ಬರಹದಲ್ಲಿ ‘ವಾಸ್ತವವಾಗಿ’, ‘ನಿಜಕ್ಕೂ’ ಕೂಡ ಉಂಟು. ಅಚ್ಚರಿಯೇ ಇಲ್ಲದ ಸುದ್ದಿಗೂ ‘ಅಸಲಿಗೆ’ ಅಂಟಿಸುವ ಟಿವಿ ರೂಢಿ ಶೈಲಿದೋಷವೇ ಸರಿ.