ಅಮೆರಿಕದ ಕಾಲೇಜು ಹಾಕಿ: 26 ಜಾಗಕ್ಕೆ ಐದು ತಿಂಗಳ ಪೈಪೋಟಿ; ಆಫ್ ಸೀಸನ್‌ನಲ್ಲಿ ತಂಡ ಬದಲಾಗುವುದು ಹೇಗೆ?

ಅದು 2025ರ ಜುಲೈ 8. ಅಮೆರಿಕದಲ್ಲಿ ಕಾಲೇಜುಗಳಿಗೆ ಬೇಸಿಗೆ ರಜೆ. ಐಸ್ ಹಾಕಿ ಪಂದ್ಯಗಳು ಶುರುವಾಗಲು ಇನ್ನೂ ಮೂರು ತಿಂಗಳು ಬಾಕಿ ಇತ್ತು. ಅಂದು 17 ವರ್ಷದ ಕೆನಡಾ ಆಟಗಾರ ಗ್ಯಾವಿನ್ ಮೆಕೆನ್ನಾ ತಾನು ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಸೇರುವುದಾಗಿ ಇಎಸ್‌ಪಿಎನ್ ಟಿವಿಯಲ್ಲಿ ಘೋಷಿಸಿದ. ಕಾಲೇಜು ಹುಡುಗನ ಅಡ್ಮಿಷನ್ ಸುದ್ದಿ ರಾಷ್ಟ್ರೀಯ ಕ್ರೀಡಾ ವಾಹಿನಿಯಲ್ಲಿ ನೇರವಾಗಿ ಪ್ರಸಾರವಾಯಿತು. ಒಂದು ವರ್ಷದ ಹಿಂದೆ ಇದೇ ಆಟಗಾರನಿಗೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಪೂರ್ತಿ ಮುಚ್ಚಿತ್ತು.

ಆ ಬಾಗಿಲು ತೆರೆದದ್ದು ಹೇಗೆ? ತಾರೆಯರು ಒಳಗೆ ಬಂದಾಗ ಹೊರಗೆ ಉಳಿಯುವವರು ಯಾರು? ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲೇಜು ತಂಡಗಳಲ್ಲಿ ನಡೆಯುವ ಅದಲು ಬದಲಿನ ಪೂರ್ಣ ವಿವರ ಇಲ್ಲಿದೆ.

ಯಾವ ಹಾಕಿ ಇದು?

ನಮ್ಮಲ್ಲಿ ಹಾಕಿ ಎಂದರೆ ಕೊಡಗಿನ ಮೈದಾನ, ಬೆಂಗಳೂರಿನ ಟರ್ಫ್ ನೆನಪಾಗುತ್ತದೆ. ಅಮೆರಿಕ ಮತ್ತು ಕೆನಡಾದಲ್ಲಿ ಹಾಕಿ ಎಂದರೆ ಐಸ್ ಹಾಕಿ. ಒಂದು ಬಾರಿಗೆ ಗೋಲ್‌ಕೀಪರ್ ಸೇರಿ ಆರು ಮಂದಿ ಮಂಜುಗಡ್ಡೆಯ ಅಂಕಣದಲ್ಲಿರುತ್ತಾರೆ. ಆಟಗಾರರು ನಿಮಿಷಕ್ಕೊಮ್ಮೆ ಬದಲಾಗುವುದರಿಂದ ಒಂದು ಪಂದ್ಯಕ್ಕೆ ಸುಮಾರು 20 ಮಂದಿ ಬೇಕು.

ಅಮೆರಿಕದ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಸಂಸ್ಥೆ ಎನ್‌ಸಿಎಎ. ಇದರ ಮೊದಲ ದರ್ಜೆಯಾದ ಡಿವಿಷನ್ 1ರಲ್ಲಿ 60ಕ್ಕೂ ಹೆಚ್ಚು ಪುರುಷರ ಹಾಕಿ ತಂಡಗಳಿವೆ. ಋತು ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ. ಕೊನೆಯಲ್ಲಿ 16 ತಂಡಗಳ ರಾಷ್ಟ್ರೀಯ ಟೂರ್ನಿ ನಡೆಯುತ್ತದೆ. ಏಪ್ರಿಲ್‌ನಲ್ಲಿ 'ಫ್ರೋಜನ್ ಫೋರ್' ಎಂಬ ಸೆಮಿಫೈನಲ್ ಮತ್ತು ಫೈನಲ್‌ನೊಂದಿಗೆ ಋತು ಮುಗಿಯುತ್ತದೆ. 2025ರ ಏಪ್ರಿಲ್ 12ರ ಫೈನಲ್‌ನಲ್ಲಿ ವೆಸ್ಟರ್ನ್ ಮಿಷಿಗನ್ ತಂಡ ಬಾಸ್ಟನ್ ಯೂನಿವರ್ಸಿಟಿಯನ್ನು 6-2 ಗೋಲುಗಳಿಂದ ಮಣಿಸಿ ಚಾಂಪಿಯನ್ ಆಗಿತ್ತು.

ಕಪ್ ಎತ್ತಿದ ಮರುದಿನವೇ ಮುಂದಿನ ವರ್ಷದ ತಂಡದ ಲೆಕ್ಕಾಚಾರ ಆರಂಭವಾಗುತ್ತದೆ. ತಂಡದ ಅಧಿಕೃತ ಆಟಗಾರರ ಪಟ್ಟಿಗೆ ಅಲ್ಲಿ ರೋಸ್ಟರ್ ಎನ್ನುತ್ತಾರೆ. ಈ ಪಟ್ಟಿ ಪ್ರತಿವರ್ಷ ಬದಲಾಗಲು ನಾಲ್ಕು ಕಾರಣಗಳಿವೆ: ಓದು ಮುಗಿಸಿ ಹೋಗುವವರು, ವೃತ್ತಿಪರ ಲೀಗ್‌ಗೆ ಹೋಗುವವರು, ಬೇರೆ ಕಾಲೇಜಿಗೆ ಹೋಗುವವರು ಮತ್ತು ಹೊಸದಾಗಿ ಬರುವವರು.

ಎನ್‌ಎಚ್‌ಎಲ್ ಕರೆ ಬಂದರೆ ಓದು ಅರ್ಧಕ್ಕೆ

ಉತ್ತರ ಅಮೆರಿಕದ ಅತಿ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್. ಇದರಲ್ಲಿ 32 ತಂಡಗಳಿವೆ. ಪ್ರತಿವರ್ಷ ಜೂನ್ ಕೊನೆಯ ಹೊತ್ತಿಗೆ ನಡೆಯುವ ಡ್ರಾಫ್ಟ್‌ನಲ್ಲಿ ಏಳು ಸುತ್ತುಗಳಲ್ಲಿ ಯುವ ಆಟಗಾರರ ಆಯ್ಕೆ ನಡೆಯುತ್ತದೆ. ಐಪಿಎಲ್ ಹರಾಜಿಗೂ ಇದಕ್ಕೂ ವ್ಯತ್ಯಾಸವಿದೆ. ಡ್ರಾಫ್ಟ್ ಆದ ತಕ್ಷಣ ಆಟಗಾರ ಆ ತಂಡಕ್ಕೆ ಹೋಗಬೇಕೆಂದಿಲ್ಲ. ಅವನ ಜೊತೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಮಾತ್ರ ಆ ತಂಡಕ್ಕೆ ಸಿಗುತ್ತದೆ. ಹಕ್ಕು ಎನ್‌ಎಚ್‌ಎಲ್ ತಂಡದ ಬಳಿ ಇರುವಾಗಲೇ ಹುಡುಗ ಕಾಲೇಜಿನಲ್ಲಿ ಓದುತ್ತಾ ಆಡಬಹುದು. ಎನ್‌ಎಚ್‌ಎಲ್ ಒಪ್ಪಂದಕ್ಕೆ ಸಹಿ ಹಾಕಿದರೆ ಮಾತ್ರ ಕಾಲೇಜು ಆಟ ಮುಗಿದಂತೆ.

ಆ ಸಹಿ ಯಾವಾಗ ಬೀಳುತ್ತದೆ ಎಂದು ಮೊದಲೇ ಹೇಳುವುದು ಕಷ್ಟ. ಬಾಸ್ಟನ್ ಯೂನಿವರ್ಸಿಟಿಯ ಮ್ಯಾಕ್ಲಿನ್ ಸೆಲೆಬ್ರಿನಿ 2023-24ರಲ್ಲಿ ಮೊದಲ ವರ್ಷದಲ್ಲೇ ಕಾಲೇಜು ಹಾಕಿಯ ಅತ್ಯುನ್ನತ ವೈಯಕ್ತಿಕ ಗೌರವವಾದ ಹೋಬಿ ಬೇಕರ್ ಪ್ರಶಸ್ತಿ ಗೆದ್ದರು. ಆ ವರ್ಷದ ಡ್ರಾಫ್ಟ್‌ನಲ್ಲಿ ಮೊದಲಿಗರಾಗಿ ಆಯ್ಕೆಯಾದರು. ಜುಲೈನಲ್ಲಿ ಸ್ಯಾನ್ ಹೋಸೆ ಶಾರ್ಕ್ಸ್ ತಂಡಕ್ಕೆ ಸಹಿ ಹಾಕಿದರು.

2025ರ ಹೋಬಿ ಬೇಕರ್ ವಿಜೇತ, ಮಿಷಿಗನ್ ಸ್ಟೇಟ್‌ನ ಐಸಾಕ್ ಹೋವರ್ಡ್ ಕಥೆ ಇನ್ನೂ ಕುತೂಹಲಕಾರಿ. ಅವರ ಹಕ್ಕು 2022ರಿಂದ ಟ್ಯಾಂಪಾ ಬೇ ತಂಡದ ಬಳಿ ಇತ್ತು. ಆದರೆ ಒಪ್ಪಂದ ಕುದುರಲಿಲ್ಲ. 2025ರ ಜುಲೈನಲ್ಲಿ ಟ್ಯಾಂಪಾ ಆ ಹಕ್ಕನ್ನು ಎಡ್ಮಂಟನ್ ಆಯಿಲರ್ಸ್‌ಗೆ ಬಿಟ್ಟುಕೊಟ್ಟಿತು. ಹೋವರ್ಡ್ ಎಡ್ಮಂಟನ್‌ಗೆ ಸಹಿ ಹಾಕಿದರು. ಹೀಗೆ ದೇಶದ ಅತ್ಯುತ್ತಮ ಕಾಲೇಜು ಆಟಗಾರನ ಜಾಗ ನಡು ಬೇಸಿಗೆಯಲ್ಲಿ ಖಾಲಿಯಾಯಿತು.

ಟ್ರಾನ್ಸ್‌ಫರ್ ಪೋರ್ಟಲ್ ಎಂದರೇನು?

ಕಾಲೇಜು ಬದಲಿಸಬಯಸುವ ಆಟಗಾರರ ಹೆಸರು ದಾಖಲಾಗುವ ಎನ್‌ಸಿಎಎ ಆನ್‌ಲೈನ್ ವ್ಯವಸ್ಥೆಯೇ ಟ್ರಾನ್ಸ್‌ಫರ್ ಪೋರ್ಟಲ್. ಇದು 2018ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಅದಕ್ಕೂ ಮೊದಲು ಬೇರೆ ಕಾಲೇಜಿನ ಕೋಚ್ ಜೊತೆ ಮಾತಾಡಲು ಇದ್ದ ಕಾಲೇಜಿನ ಅನುಮತಿ ಬೇಕಿತ್ತು. ಈಗ ನಿಗದಿತ ಅವಧಿಯಲ್ಲಿ ಹೆಸರು ನೋಂದಾಯಿಸಿದರೆ ಸಾಕು, ಇತರ ಕೋಚ್‌ಗಳು ನೇರವಾಗಿ ಸಂಪರ್ಕಿಸಬಹುದು.

ಮೊದಲು ಕಾಲೇಜು ಬದಲಿಸಿದ ಹಾಕಿ ಆಟಗಾರ ಒಂದು ವರ್ಷ ಹೊರಗೆ ಕೂರಬೇಕಿತ್ತು. 2021ರಲ್ಲಿ ಒಂದು ಬಾರಿಯ ಬದಲಾವಣೆಗೆ ಈ ಷರತ್ತು ತೆಗೆಯಲಾಯಿತು. 2024ರ ಏಪ್ರಿಲ್‌ನಲ್ಲಿ ಎಷ್ಟು ಬಾರಿ ಬದಲಿಸಿದರೂ ತಕ್ಷಣ ಆಡಬಹುದು ಎಂಬ ನಿಯಮ ಬಂತು. ಆದರೆ ಓದಿನಲ್ಲಿ ಹಿಂದೆ ಬಿದ್ದಿರಬಾರದು.

ಈ ಓದಿನ ಷರತ್ತು ಹೆಸರಿಗಷ್ಟೇ ಇರುವಂಥದ್ದಲ್ಲ. ಮೂರನೇ ವರ್ಷಕ್ಕೆ ಕಾಲಿಡುವಾಗ ಪದವಿಯ ಶೇ 40, ನಾಲ್ಕನೇ ವರ್ಷಕ್ಕೆ ಶೇ 60ರಷ್ಟು ಭಾಗ ಪೂರೈಸಿರಬೇಕು. ಹಳೆಯ ಕಾಲೇಜಿನಲ್ಲಿ ಓದಿದ ಎಲ್ಲ ವಿಷಯಗಳಿಗೂ ಹೊಸ ಕಾಲೇಜು ಕ್ರೆಡಿಟ್ ಕೊಡುತ್ತದೆ ಎಂಬ ಖಾತ್ರಿಯಿಲ್ಲ. ಇನ್ನೊಂದು ಅಪಾಯವೂ ಇದೆ. ಪೋರ್ಟಲ್‌ಗೆ ಹೆಸರು ಕೊಟ್ಟ ಮೇಲೆ ಹಳೆಯ ಕಾಲೇಜು ಮುಂದಿನ ಅವಧಿಯ ವಿದ್ಯಾರ್ಥಿವೇತನ ನಿಲ್ಲಿಸಬಹುದು. ಹೊಸ ಕಾಲೇಜು ಕೈ ಹಿಡಿಯದಿದ್ದರೆ ಎರಡೂ ಇಲ್ಲದಂತಾಗುತ್ತದೆ.

2024ರ ನವೆಂಬರ್ 7: ಎಲ್ಲ ಬದಲಿಸಿದ ತೀರ್ಮಾನ

ಐಸ್ ಹಾಕಿಯಲ್ಲಿ ಹೈಸ್ಕೂಲ್ ಮುಗಿಸಿ ನೇರವಾಗಿ ಕಾಲೇಜು ತಂಡ ಸೇರುವವರು ವಿರಳ. ಬಹುತೇಕರು 16ರಿಂದ 20 ವರ್ಷದವರೆಗೆ ಜೂನಿಯರ್ ಲೀಗ್‌ಗಳಲ್ಲಿ ಆಡುತ್ತಾರೆ. ಅಮೆರಿಕದ ಪ್ರಮುಖ ಜೂನಿಯರ್ ಲೀಗ್ ಯುಎಸ್‌ಎಚ್‌ಎಲ್. ಕೆನಡಾದಲ್ಲಿ ಸಿಎಚ್‌ಎಲ್ ಎಂಬ ಒಕ್ಕೂಟದ ಅಡಿಯಲ್ಲಿ ಮೂರು ಲೀಗ್‌ಗಳಿವೆ: ಒಎಚ್‌ಎಲ್, ಡಬ್ಲ್ಯುಎಚ್‌ಎಲ್ ಮತ್ತು ಕ್ಯೂಎಂಜೆಎಚ್‌ಎಲ್.

ಸಿಎಚ್‌ಎಲ್ ಆಟಗಾರರಿಗೆ ಭತ್ಯೆ ಸಿಗುತ್ತದೆ. ಎನ್‌ಎಚ್‌ಎಲ್ ಒಪ್ಪಂದಕ್ಕೆ ಸಹಿ ಹಾಕಿದವರೂ ಅಲ್ಲಿ ಆಡುತ್ತಾರೆ. ಹೀಗಾಗಿ ಎನ್‌ಸಿಎಎ ಅದನ್ನು ವೃತ್ತಿಪರ ಲೀಗ್ ಎಂದು ಪರಿಗಣಿಸಿತ್ತು. ಅಲ್ಲಿ ಆಡಿದ ಹುಡುಗ ಅಮೆರಿಕದ ಕಾಲೇಜು ತಂಡದ ಆಸೆ ಬಿಡಬೇಕಿತ್ತು. ಕೆನಡಾದ ಪ್ರತಿಭಾವಂತ ಹುಡುಗರು 15-16ನೇ ವಯಸ್ಸಿನಲ್ಲೇ ಎರಡರಲ್ಲಿ ಒಂದು ದಾರಿ ಆರಿಸಿಕೊಳ್ಳಬೇಕಾಗಿತ್ತು. ಕಾಲೇಜು ಬೇಕೆಂದವರು ಬೇರೆ ಜೂನಿಯರ್ ಲೀಗ್‌ಗಳಿಗೆ ಹೋಗುತ್ತಿದ್ದರು.

2024ರ ಆಗಸ್ಟ್‌ನಲ್ಲಿ ಈ ನಿಷೇಧದ ವಿರುದ್ಧ ನ್ಯೂಯಾರ್ಕ್ ರಾಜ್ಯದ ಫೆಡರಲ್ ಕೋರ್ಟ್‌ನಲ್ಲಿ ಆಟಗಾರನೊಬ್ಬನ ಪರ ಮೊಕದ್ದಮೆ ದಾಖಲಾಯಿತು. ಅದೇ ವರ್ಷ ನವೆಂಬರ್ 7ರಂದು ಎನ್‌ಸಿಎಎ ಡಿವಿಷನ್ 1 ಮಂಡಳಿ ನಿಷೇಧ ತೆಗೆಯಲು ತೀರ್ಮಾನಿಸಿತು. ಊಟ, ವಸತಿ, ಪ್ರಯಾಣದಂಥ ಅಗತ್ಯ ವೆಚ್ಚಕ್ಕಿಂತ ಹೆಚ್ಚಿನ ಹಣ ಪಡೆದಿರಬಾರದು ಎಂಬ ಷರತ್ತು ಉಳಿಯಿತು. 2025ರ ಆಗಸ್ಟ್ 1ರಿಂದ ನಿಯಮ ಜಾರಿಗೆ ಬಂತು.

ಮೆಕೆನ್ನಾ ದಾರಿ ತೆರೆದದ್ದು ಹೀಗೆ. 2024-25ರಲ್ಲಿ ಡಬ್ಲ್ಯುಎಚ್‌ಎಲ್‌ನ ಮೆಡಿಸಿನ್ ಹ್ಯಾಟ್ ಟೈಗರ್ಸ್ ಪರ 56 ಪಂದ್ಯಗಳಲ್ಲಿ 41 ಗೋಲು, 88 ಅಸಿಸ್ಟ್ ಸೇರಿ 129 ಅಂಕ ಗಳಿಸಿದ್ದ ಆಟಗಾರ ಆತ. ಅದೇ ಬೇಸಿಗೆಯಲ್ಲಿ ಫಿಲಡೆಲ್ಫಿಯಾ ಫ್ಲೈಯರ್ಸ್ ಡ್ರಾಫ್ಟ್‌ನಲ್ಲಿ 6ನೆಯವರಾಗಿ ಆರಿಸಿದ ಪೋರ್ಟರ್ ಮಾರ್ಟೋನ್ ಕೂಡ ಒಎಚ್‌ಎಲ್ ಬಿಟ್ಟು ಮಿಷಿಗನ್ ಸ್ಟೇಟ್ ಸೇರಲು ನಿರ್ಧರಿಸಿದರು. ಹೋವರ್ಡ್ ಹೋದ ಬೇಸಿಗೆಯಲ್ಲೇ ಮಾರ್ಟೋನ್ ಬಂದರು.

ಹಣದ ಲೆಕ್ಕ ಏನು?

2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರ ಬಳಸಿ ಜಾಹೀರಾತಿನಿಂದ ಹಣ ಗಳಿಸಬಹುದು. ಇದಕ್ಕೆ ಎನ್‌ಐಎಲ್ ಎಂಬ ಹೆಸರು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ 'ಹೌಸ್' ಮೊಕದ್ದಮೆಯ ರಾಜಿ ಒಪ್ಪಂದಕ್ಕೆ ಅಂತಿಮ ಒಪ್ಪಿಗೆ ಕೊಟ್ಟರು. ಇದರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡುವ ಅವಕಾಶ ಸಿಕ್ಕಿತು. ಮೊದಲ ವರ್ಷಕ್ಕೆ ಒಂದು ಕಾಲೇಜಿನ ಎಲ್ಲ ಕ್ರೀಡೆಗಳಿಗೂ ಸೇರಿ ಸುಮಾರು 2.05 ಕೋಟಿ ಡಾಲರ್ ಮಿತಿ. ಅದರ ದೊಡ್ಡ ಪಾಲು ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್‌ಗೆ ಹೋಗುತ್ತದೆ. ಆದರೂ ಮೆಕೆನ್ನಾಗೆ ಸಿಗುವ ಮೊತ್ತ ಸುಮಾರು 7 ಲಕ್ಷ ಡಾಲರ್ ಎಂದು ಅಮೆರಿಕದ ಮಾಧ್ಯಮಗಳು ವರದಿ ಮಾಡಿದ್ದವು.

ಕೆನಡಾದ ಹುಡುಗರಿಗೆ ಇಲ್ಲೊಂದು ತೊಡಕಿದೆ. ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳಿಸಿದ ಕನ್ನಡಿಗರಿಗೆ ಇದು ಗೊತ್ತಿರುವ ವಿಷಯವೇ. ಕೆನಡಾ ಪ್ರಜೆಗಳಿಗೆ ವೀಸಾ ಸ್ಟಾಂಪಿಂಗ್ ಬೇಕಿಲ್ಲ. ಆದರೆ ಅವರೂ ಐ-20 ಪತ್ರ ಪಡೆದು ಎಫ್-1 ವಿದ್ಯಾರ್ಥಿಗಳಾಗಿಯೇ ಬರುತ್ತಾರೆ. ಎಫ್-1 ವಿದ್ಯಾರ್ಥಿ ಕ್ಯಾಂಪಸ್ ಹೊರಗೆ ಮನಬಂದಂತೆ ದುಡಿಯುವಂತಿಲ್ಲ. ಜಾಹೀರಾತಿನ ಹಣ ದುಡಿಮೆಯೋ ಅಲ್ಲವೋ ಎಂಬ ಪ್ರಶ್ನೆ ಇರುವುದರಿಂದ ವಲಸೆ ಕಾನೂನು ವಕೀಲರ ಸಲಹೆ ಪಡೆದೇ ಸಹಿ ಹಾಕಬೇಕಾಗುತ್ತದೆ.

26ರ ಮಿತಿ, ಕೋಚ್‌ನ ತಲೆನೋವು

'ಹೌಸ್' ರಾಜಿಯ ಇನ್ನೊಂದು ಭಾಗ ಹಾಕಿಯ ಮಟ್ಟಿಗೆ ಹಣಕ್ಕಿಂತ ಮುಖ್ಯ. ಹಿಂದೆ ಪುರುಷರ ಹಾಕಿ ತಂಡವೊಂದು ಗರಿಷ್ಠ 18 ವಿದ್ಯಾರ್ಥಿವೇತನ ಕೊಡಬಹುದಿತ್ತು. ಅದನ್ನು ಹಲವರಿಗೆ ಹಂಚಲೂ ಅವಕಾಶವಿತ್ತು. ವಿದ್ಯಾರ್ಥಿವೇತನವಿಲ್ಲದ ಆಟಗಾರರನ್ನೂ ಸೇರಿಸಿಕೊಂಡು ತಂಡ ಎಷ್ಟು ದೊಡ್ಡದಾದರೂ ಇರಬಹುದಿತ್ತು. ರಾಜಿಗೆ ಒಪ್ಪಿದ ಕಾಲೇಜುಗಳಿಗೆ ಈಗ ವಿದ್ಯಾರ್ಥಿವೇತನದ ಮಿತಿ ಇಲ್ಲ, ಬದಲಿಗೆ ತಂಡದ ಗಾತ್ರಕ್ಕೆ ಮಿತಿ ಬಂದಿದೆ: 26 ಮಂದಿ.

ಉದಾಹರಣೆಗೆ, 26 ಮಂದಿಯ ತಂಡದಲ್ಲಿ 7 ಮಂದಿ ಓದು ಮುಗಿಸಿದರು, 2 ಮಂದಿ ಎನ್‌ಎಚ್‌ಎಲ್‌ಗೆ ಹೋದರು, 3 ಮಂದಿ ಪೋರ್ಟಲ್ ಸೇರಿದರು ಎಂದುಕೊಳ್ಳೋಣ. ಖಾಲಿಯಾದದ್ದು 12 ಜಾಗ. ಎರಡು ಮೂರು ವರ್ಷಗಳ ಹಿಂದೆಯೇ ಮಾತು ಕೊಟ್ಟಿದ್ದ 7 ಹುಡುಗರು ಬರಬೇಕು. ಅನುಭವಕ್ಕಾಗಿ ಪೋರ್ಟಲ್‌ನಿಂದ 3 ಮಂದಿ. ಉಳಿದದ್ದು 2. ಜುಲೈನಲ್ಲಿ ಸಿಎಚ್‌ಎಲ್‌ನ ಮೂವರು ಒಳ್ಳೆಯ ಆಟಗಾರರು ಬರಲು ಸಿದ್ಧರಿದ್ದರೆ ಒಬ್ಬರು ಹೆಚ್ಚಾಗುತ್ತಾರೆ. ಆಗ ಮಾತು ಪಡೆದಿದ್ದ ಏಳು ಹುಡುಗರಲ್ಲಿ ಒಬ್ಬನಿಗೆ ಫೋನ್ ಹೋಗುತ್ತದೆ: ಇನ್ನೊಂದು ವರ್ಷ ಜೂನಿಯರ್ ಲೀಗ್‌ನಲ್ಲೇ ಆಡು.

ಕೊಟ್ಟ ಮಾತಿಗೆ ಬೆಲೆ ಇದೆಯೇ?

ಕಾನೂನಿನ ಪ್ರಕಾರ ಇಲ್ಲ. ನಿಯಮದಂತೆ ಹೈಸ್ಕೂಲ್ ಎರಡನೇ ವರ್ಷದ, ಅಂದರೆ ನಮ್ಮ ಹತ್ತನೇ ತರಗತಿಯ, ಜನವರಿ 1ರಿಂದ ಕೋಚ್‌ಗಳು ಆಟಗಾರನ ಜೊತೆ ಮಾತಾಡಬಹುದು. ಆ ವರ್ಷದ ಆಗಸ್ಟ್ 1ರಿಂದ ತಂಡಕ್ಕೆ ಕರೆಯಬಹುದು. ಹುಡುಗ ಒಪ್ಪಿದರೆ ಅದು ಬಾಯಿಮಾತಿನ ಒಪ್ಪಿಗೆ ಮಾತ್ರ. ಇಬ್ಬರೂ ಹಿಂದೆ ಸರಿಯಬಹುದು. ಲಿಖಿತ ಆರ್ಥಿಕ ನೆರವಿನ ಪತ್ರಕ್ಕೆ ಸಹಿ ಬಿದ್ದ ಮೇಲಷ್ಟೇ ಭದ್ರತೆ.

16ನೇ ವಯಸ್ಸಿನಲ್ಲಿ ಮಾತು ಪಡೆದ ಹುಡುಗ ಕಾಲೇಜಿಗೆ ಬರುವುದು 19 ಅಥವಾ 20ಕ್ಕೆ. ಅಷ್ಟರಲ್ಲಿ ನಿಯಮಗಳೇ ಬದಲಾದರೆ? 2024-25ರಲ್ಲಿ ಆದದ್ದು ಇದೇ. ತಂಡದ ಗಾತ್ರಕ್ಕೆ ಮಿತಿ ಬರುತ್ತದೆ ಎಂಬ ನಿರೀಕ್ಷೆಯಲ್ಲಿ ಹಲವು ಕ್ರೀಡೆಗಳಲ್ಲಿ ಕಾಲೇಜುಗಳು ಮೊದಲೇ ಆಟಗಾರರನ್ನು ಕೈಬಿಟ್ಟಿದ್ದವು. ಈ ಆಟಗಾರರಿಗೆ ರಕ್ಷಣೆ ಕೊಡದೆ ರಾಜಿಗೆ ಒಪ್ಪುವುದಿಲ್ಲ ಎಂದು ನ್ಯಾಯಾಧೀಶೆ ವಿಲ್ಕನ್ ಏಪ್ರಿಲ್‌ನಲ್ಲಿ ಪಟ್ಟು ಹಿಡಿದರು. ಕೊನೆಗೆ ಹಾಗೆ ಜಾಗ ಕಳೆದುಕೊಂಡವರನ್ನು ಮಿತಿಯ ಲೆಕ್ಕದಿಂದ ಹೊರಗಿಟ್ಟು ವಾಪಸ್ ಸೇರಿಸಿಕೊಳ್ಳಲು ಕಾಲೇಜುಗಳಿಗೆ ಅವಕಾಶ ಸಿಕ್ಕಿತು. ಆದರೆ ಸೇರಿಸಿಕೊಳ್ಳಲೇಬೇಕು ಎಂಬ ಕಡ್ಡಾಯವಿಲ್ಲ.

ಎಲ್ಲರೂ ಈ ಓಟದಲ್ಲಿಲ್ಲ

ಹಾರ್ವರ್ಡ್, ಯೇಲ್, ಕಾರ್ನೆಲ್, ಪ್ರಿನ್ಸ್‌ಟನ್, ಬ್ರೌನ್ ಮತ್ತು ಡಾರ್ಟ್‌ಮತ್ ಐವಿ ಲೀಗ್ ವಿಶ್ವವಿದ್ಯಾಲಯಗಳು. ಇಲ್ಲಿ ಕ್ರೀಡಾ ವಿದ್ಯಾರ್ಥಿವೇತನ ಇಲ್ಲ. ಕುಟುಂಬದ ಆದಾಯ ನೋಡಿ ನೆರವು ಕೊಡುತ್ತಾರೆ. ಐವಿ ಲೀಗ್ 'ಹೌಸ್' ರಾಜಿಯಿಂದಲೂ ದೂರ ಉಳಿಯಿತು. ಸೇನೆಯ ಆರ್ಮಿ, ಏರ್ ಫೋರ್ಸ್ ಅಕಾಡೆಮಿ ತಂಡಗಳ ದಾರಿಯೂ ಬೇರೆ. ಓದು, ಮುಂದಿನ ಸೇನಾ ಸೇವೆಗೆ ಒಪ್ಪಿದವರೇ ಅಲ್ಲಿಗೆ ಬರಬೇಕು.

ಆಫ್ ಸೀಸನ್: ಯಾವಾಗ ಏನು?

* ಏಪ್ರಿಲ್: ಫ್ರೋಜನ್ ಫೋರ್ ಮುಕ್ತಾಯ. ಎನ್‌ಎಚ್‌ಎಲ್ ತಂಡಗಳಿಂದ ಒಪ್ಪಂದಗಳ ಸುರಿಮಳೆ. ಪೋರ್ಟಲ್‌ನಲ್ಲಿ ಬಿರುಸು.
* ಮೇ: ಕಾಲೇಜು ಬದಲಿಸುವವರ ನಿರ್ಧಾರ. ಜೂನಿಯರ್ ಲೀಗ್‌ಗಳ ಪ್ಲೇಆಫ್ ಕೊನೆಯ ಹಂತ.
* ಜೂನ್: ತಿಂಗಳ ಕೊನೆಗೆ ಎನ್‌ಎಚ್‌ಎಲ್ ಡ್ರಾಫ್ಟ್.
* ಜುಲೈ: ಎನ್‌ಎಚ್‌ಎಲ್ ತಂಡಗಳ ಯುವ ಆಟಗಾರರ ಶಿಬಿರ. ಹೋಗುವವರು, ಉಳಿಯುವವರು ಯಾರೆಂದು ಸ್ಪಷ್ಟವಾಗುವ ಸಮಯ.
* ಆಗಸ್ಟ್-ಸೆಪ್ಟೆಂಬರ್: ತರಗತಿ ಆರಂಭ, ಅಂತಿಮ ಪಟ್ಟಿ. ಅಕ್ಟೋಬರ್‌ಗೆ ಮೊದಲ ಪಂದ್ಯ.

ಹೊಸ ನಿಯಮಗಳಿಂದ ಕಾಲೇಜು ಹಾಕಿಯ ಮಟ್ಟ ಏರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. 16ನೇ ವಯಸ್ಸಿನಲ್ಲಿ ಸಿಎಚ್‌ಎಲ್ ಆರಿಸಿಕೊಂಡ ಕಾರಣಕ್ಕೆ ಕಾಲೇಜಿನ ಬಾಗಿಲು ಮುಚ್ಚುವ ಅನ್ಯಾಯವೂ ತಪ್ಪಿದೆ. ಆದರೆ ಬಾಗಿಲು ದೊಡ್ಡದಾಗಿದ್ದರೂ ಒಳಗಿನ ಕುರ್ಚಿಗಳ ಸಂಖ್ಯೆ ಹೆಚ್ಚಿಲ್ಲ. ಮೆಕೆನ್ನಾನಂಥವರ ಘೋಷಣೆ ಟಿವಿಯಲ್ಲಿ ಬರುತ್ತದೆ. ಆ ಜಾಗಕ್ಕಾಗಿ ಕಾದಿದ್ದ 26ನೇ ಹುಡುಗನಿಗೆ ಸುದ್ದಿ ತಲುಪುವುದು ಒಂದು ಫೋನ್ ಕರೆಯಲ್ಲಿ. ಹಾಗಾಗಿ ಜುಲೈವರೆಗೂ ಅವನ ಮನೆಯವರು ಲಿಖಿತ ಪತ್ರದ ದಾರಿ ಕಾಯುತ್ತಾರೆ.